ಎರಡೇ ಬಿಲ್ಡ್‌ಗೆ ಜಾಗವಿದ್ದರೆ ಯಾವ ಎರಡು? ಜಿಸಿಸಿ, ಕ್ಲ್ಯಾಂಗ್ ಮತ್ತು ಡೀಬಗ್ ಆಪ್ಷನ್‌ಗಳ ಆಯ್ಕೆ

ಮುಕ್ತ ತಂತ್ರಾಂಶಕ್ಕೆ ಕೈ ಹಚ್ಚಲು ಹೊರಟ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬಳ್ಳಾರಿಯಲ್ಲಿ ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ‘ಸರ್, ಜಿಸಿಸಿ ಒಳ್ಳೆಯದೋ, ಕ್ಲ್ಯಾಂಗ್ ಒಳ್ಳೆಯದೋ?’ ಎರಡೂ ನಾವು ಬರೆದ ಸಿ ಕೋಡನ್ನು ಯಂತ್ರಸಂಕೇತವಾಗಿಸುವ ಕಂಪೈಲರ್‌ಗಳು. ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಇರುತ್ತದೆ, ಇಂಟರ್ನೆಟ್ಟಿಗೆ ಮೊಬೈಲ್ ಡೇಟಾ. ಅವರಿಗೆ ಬೇಕಾಗಿರುವುದು ಯಾವ ಕಂಪೈಲರ್ ದೊಡ್ಡದು ಎಂಬ ತೀರ್ಪಲ್ಲ. ಇಷ್ಟೇ ಬಂಡವಾಳದಲ್ಲಿ ಹೆಚ್ಚು ದೋಷಗಳನ್ನು ಹಿಡಿಯುವುದು ಹೇಗೆ ಎಂಬುದು ಬೇಕು.

ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡೇ ಬಿಲ್ಡ್ (ಒಂದೇ ಕೋಡನ್ನು ಬೇರೆ ಬೇರೆ ಆಪ್ಷನ್ ಕೊಟ್ಟು ಕಂಪೈಲ್ ಮಾಡಿದ ರೂಪಗಳು) ಮಾಡುವಷ್ಟು ಜಾಗ, ಸಮಯ ಇದ್ದರೆ ಮೊದಲನೆಯದು ಜಿಸಿಸಿಯಲ್ಲಿ -ಓ2 -ಜಿ, ಜೊತೆಗೆ ನಕಲು ಮಾಡುವಾಗ ಅಳತೆ ನೋಡುವ ಫಾರ್ಟಿಫೈ ಸೋರ್ಸ್, ಹಂತ 2 ಅಥವಾ 3. ಎರಡನೆಯದು ಕ್ಲ್ಯಾಂಗ್‌ನಲ್ಲಿ -ಓ1 -ಜಿ, ಜೊತೆಗೆ ಅಡ್ರೆಸ್ ಸ್ಯಾನಿಟೈಸರ್ ಮತ್ತು ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್, ಅಂದರೆ ಎಲ್ಲರೂ ಹೇಳುವ ಏಸ್ಯಾನ್, ಯುಬಿಸ್ಯಾನ್. ಪ್ರೋಗ್ರಾಂ ಓಡುವಾಗ ಮೊದಲನೆಯದು ಮೆಮೊರಿಯ ಒತ್ತುವರಿಯನ್ನು, ಎರಡನೆಯದು ಭಾಷೆಯ ನಿಯಮ ಮೀರಿದ್ದನ್ನು ಹಿಡಿಯುತ್ತದೆ. ಕಾಲೇಜಿನಲ್ಲಿ ಕಲಿಸುವ -ಓ0 ಬಿಲ್ಡ್ ಈ ಎರಡರಲ್ಲೂ ಇಲ್ಲ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ.

(ಆಪ್ಷನ್‌ಗಳ ಹೆಸರನ್ನು ಇಲ್ಲಿ ಬಾಯಲ್ಲಿ ಹೇಳುವಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕೆಂದು ಹೇಳಬೇಕಾಗಿಲ್ಲ. -ಓ ಮುಂದಿನ ಅಂಕಿ ಆಪ್ಟಿಮೈಸೇಷನ್‌ನ, ಅಂದರೆ ಕಂಪೈಲರ್ ಕೋಡನ್ನು ವೇಗಗೊಳಿಸುವ ಕೆಲಸದ ಹಂತ, -ಓ0 ಎಂದರೆ ಅದು ಇಲ್ಲ. -ಜಿ ಎಂದರೆ ಡೀಬಗ್ ಮಾಹಿತಿ.)

ಮೂರು ಊರು, ಇಪ್ಪತ್ತು ಬೈಟ್

ಕಾರಣವನ್ನು ಒಂದು ಪುಟ್ಟ ಸಿ ಪ್ರೋಗ್ರಾಂ ಇಟ್ಟುಕೊಂಡು ನೋಡೋಣ. ಮಾರುಕಟ್ಟೆ ಇರುವ ಊರು, ಅಲ್ಲಿನ ಭತ್ತದ ದರ, ಇವೆರಡನ್ನು ಹಿಡಿದಿಡುವ ಒಂದು ಸ್ಟ್ರಕ್ಚರ್. ಊರಿನ ಹೆಸರಿಗೆ 20 ಬೈಟ್‌ಗಳ ಕ್ಯಾರೆಕ್ಟರ್ ಅರೇ, ಅದರ ಬೆನ್ನಿಗೇ ದರಕ್ಕೆ 4 ಬೈಟ್‌ಗಳ ಇಂಟ್. ಒಟ್ಟು 24 ಬೈಟ್. 20 ಎಂಬುದು 4ರಿಂದ ಭಾಗವಾಗುವ ಸಂಖ್ಯೆಯಾದ್ದರಿಂದ ನಡುವೆ ಖಾಲಿ ಜಾಗವೇ ಇರುವುದಿಲ್ಲ. ಪ್ರೋಗ್ರಾಂ ಮೊದಲು ದರವನ್ನು ತುಂಬುತ್ತದೆ, ಆಮೇಲೆ ಫೈಲ್‌ನಿಂದ ಓದಿದ ಊರಿನ ಹೆಸರನ್ನು ಎಸ್‌ಟಿಆರ್‌ಸಿಪಿವೈ ಫಂಕ್ಷನ್‌ನಿಂದ ಅರೇಗೆ ನಕಲು ಮಾಡುತ್ತದೆ. ದರವಾಗಿ 2024-25ರ ಸಾಮಾನ್ಯ ಭತ್ತದ ಬೆಂಬಲ ಬೆಲೆಯನ್ನೇ ಹಾಕೋಣ: ಕ್ವಿಂಟಲ್‌ಗೆ 2300.

ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಕಾಗುಣಿತದ ಚಿಹ್ನೆಗೂ ಮೂರು, ಒತ್ತಕ್ಷರವನ್ನು ಕೂಡಿಸುವ ಹಲಂತಕ್ಕೂ ಮೂರು. ‘ಕೊಪ್ಪಳ’ದಲ್ಲಿ ಆರು ಸಂಕೇತಗಳಿವೆ, 18 ಬೈಟ್. ಪದ ಮುಗಿಯಿತೆಂದು ಸಿ ಇಡುವ ಕೊನೆಯ ಸೊನ್ನೆ ಬೈಟ್ ಸೇರಿ 19. ಆರಾಮಾಗಿ ಹಿಡಿಸುತ್ತದೆ. ‘ಬಳ್ಳಾರಿ’ಯಲ್ಲಿ ಏಳು, 21 ಬೈಟ್, ಸೊನ್ನೆ ಸೇರಿ 22. ‘ರಾಯಚೂರು’ ಕೂಡ ಹಾಗೆಯೇ 22. ಹೆಚ್ಚಾದ ಎರಡು ಬೈಟ್ ದರದ ಮೇಲೆ ಹೋಗಿ ಬೀಳುತ್ತವೆ. ‘ಬಳ್ಳಾರಿ’ಯ ಕೊನೆಯ ಬೈಟ್‌ನ ಬೆಲೆ 191, ಅದರ ಪಕ್ಕ ಸೊನ್ನೆ. ‘ರಾಯಚೂರು’ವಿನ ಕೊನೆಯ ಬೈಟ್ 129. ನಮ್ಮ ಲ್ಯಾಪ್‌ಟಾಪ್‌ಗಳು ಸಂಖ್ಯೆಯ ಕಿರಿಯ ಬೈಟನ್ನು ಮೊದಲು ಇಡುವುದರಿಂದ ಪರದೆಯ ಮೇಲೆ ಬರುವುದು ಹೀಗೆ: ಕೊಪ್ಪಳ 2300, ಬಳ್ಳಾರಿ 191, ರಾಯಚೂರು 129.

ಕೊಪ್ಪಳದವರು ಪರೀಕ್ಷಿಸಿದರೆ ಪ್ರೋಗ್ರಾಂ ಸರಿ. ಅವರೂ ಪೂರ್ತಿ ನಿಶ್ಚಿಂತರಾಗಿರುವಂತಿಲ್ಲ. ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರ ಎಂಬ ಎರಡು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಒಪ್ಪುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಬಿಡಿಸಿ ಬರೆದ ಫೈಲ್ ಬಂದರೆ ಕೊಪ್ಪಳವೂ 22 ಬೈಟ್ ಆಗಿ, ದರ 179ಕ್ಕೆ ಇಳಿಯುತ್ತದೆ.

ಈಗ ಇದೇ ಪ್ರೋಗ್ರಾಂ ಅನ್ನು ಬೇರೆ ಬೇರೆ ಬಿಲ್ಡ್‌ಗಳಿಗೆ ಒಡ್ಡಿ ನೋಡಿ.

-ಓ0 -ಜಿ ಬಿಲ್ಡ್ ತಪ್ಪು ದರವನ್ನು ಮುದ್ರಿಸಿ ಸುಮ್ಮನೆ ಮುಗಿಯುತ್ತದೆ. ಎಚ್ಚರಿಕೆ ಇಲ್ಲ, ಕ್ರ್ಯಾಶ್ ಇಲ್ಲ. ದರದ ಕಡೆ ಕಣ್ಣು ಹಾಯಿಸದೆ ‘ಪಾಸ್’ ಎಂದು ಬರೆದುಕೊಳ್ಳುವ ಟೆಸ್ಟ್ ಆಗಿದ್ದರೆ ಪಾಸೇ.

ಏಸ್ಯಾನ್ ಬಿಲ್ಡ್ ಮಾಡಿ, ‘ಬಳ್ಳಾರಿ’ ಕೊಡಿ. ಅದೂ ಏನನ್ನೂ ಹೇಳುವುದಿಲ್ಲ! ಹೊಸಬರಿಗೆ ಇದನ್ನು ನಂಬಿಸುವುದೇ ಕಷ್ಟ. ಏಸ್ಯಾನ್ ಕಾವಲು ಕಾಯುವುದು ಒಂದು ವಸ್ತುವಿನ ಹೊರ ಅಂಚನ್ನು. ಸ್ಟ್ರಕ್ಚರ್‌ನ 24 ಬೈಟ್‌ಗಳೊಳಗೆ ಒಂದು ಸದಸ್ಯನಿಂದ ಇನ್ನೊಂದಕ್ಕೆ ಆಗುವ ಒತ್ತುವರಿ ಅದರ ಕಣ್ಣಿಗೆ ಬೀಳುವುದಿಲ್ಲ. ಅದೇ ‘ಸಿಂಧನೂರು’ ಕೊಟ್ಟು ನೋಡಿ. ಎಂಟು ಸಂಕೇತ, 24 ಬೈಟ್, ಸೊನ್ನೆ ಸೇರಿ 25. ಒಂದೇ ಒಂದು ಬೈಟ್ ಸ್ಟ್ರಕ್ಚರ್‌ನಿಂದ ಹೊರಗೆ ಕಾಲಿಟ್ಟಿತು, ಏಸ್ಯಾನ್ ಕೂಡಲೇ ಪ್ರೋಗ್ರಾಂ ನಿಲ್ಲಿಸಿ, ಯಾವ ಫೈಲ್‌ನ ಯಾವ ಸಾಲು ಎಂದು ಬೊಟ್ಟು ಮಾಡಿ ತೋರಿಸುತ್ತದೆ. ಸ್ಟ್ರಕ್ಚರ್ ಒಂಟಿಯಾಗಿದ್ದರೆ ಮಾತ್ರ ಈ ಮಾತು. ಅಂಥ ಸ್ಟ್ರಕ್ಚರ್‌ಗಳ ಅರೇ ಇದ್ದರೆ, ಆ ಬೈಟ್ ಪಕ್ಕದ ಊರಿನ ಹೆಸರಿನ ಮೇಲೆ ಬೀಳುತ್ತದೆಯೇ ಹೊರತು ಅರೇಯಿಂದ ಹೊರಗೆ ಹೋಗುವುದಿಲ್ಲ.

ಇನ್ನು ಜಿಸಿಸಿ -ಓ2 ಮತ್ತು ಫಾರ್ಟಿಫೈ ಸೋರ್ಸ್ 2. ‘ಬಳ್ಳಾರಿ’ಗೇ ಪ್ರೋಗ್ರಾಂ ‘ಬಫರ್ ಓವರ್‌ಫ್ಲೋ ಡಿಟೆಕ್ಟೆಡ್’ ಎಂದು ಹೇಳಿ ಬಿದ್ದುಬಿಡುತ್ತದೆ. ಫಾರ್ಟಿಫೈ ಮಾಡುವ ಕೆಲಸ ಸರಳ: ಎಸ್‌ಟಿಆರ್‌ಸಿಪಿವೈಯಂಥ ಫಂಕ್ಷನ್ ಕರೆಯುವ ಕಡೆ, ಗುರಿಯ ಅರೇ ಎಷ್ಟು ದೊಡ್ಡದೆಂದು ಕಂಪೈಲರ್‌ಗೆ ಗೊತ್ತಿದ್ದರೆ, ಅಳತೆ ನೋಡಿ ನಕಲು ಮಾಡುವ ಇನ್ನೊಂದು ರೂಪಕ್ಕೆ ಕರೆಯನ್ನು ತಿರುಗಿಸುತ್ತದೆ. ಹಂತ 1ರಲ್ಲಿ ಅದು ಇಡೀ ಸ್ಟ್ರಕ್ಚರ್‌ನ ಅಳತೆ ಹಿಡಿಯುತ್ತದೆ, ಆಗ 24ರಲ್ಲಿ 22 ಹಿಡಿಸಿತೆಂದು ಬಿಟ್ಟುಬಿಡುತ್ತದೆ. ಹಂತ 2ರಿಂದ ಆ ಸದಸ್ಯನ ಅಳತೆಯನ್ನೇ, ಅಂದರೆ 20ನ್ನು ನೋಡುತ್ತದೆ. ಆದರೆ ಈ ಕಾವಲು ಆಪ್ಟಿಮೈಸೇಷನ್ ಇಲ್ಲದೆ ನಡೆಯುವುದಿಲ್ಲ. -ಓ0ರಲ್ಲಿ ಫಾರ್ಟಿಫೈ ಎಂದು ಬರೆದರೂ ಅದು ಕೆಲಸ ಮಾಡುವುದಿಲ್ಲ. ನಾನು -ಓ0 ಬಿಲ್ಡ್ ಅನ್ನು ಪರೀಕ್ಷೆಯ ಪಟ್ಟಿಯಿಂದ ಕಿತ್ತುಹಾಕಿದ್ದಕ್ಕೆ ದೊಡ್ಡ ಕಾರಣ ಇದೇ.

ಇದರಿಂದ ಫಾರ್ಟಿಫೈ ಏಸ್ಯಾನ್‌ಗಿಂತ ಮೇಲು ಎಂದುಕೊಳ್ಳಬೇಡಿ. ಎಸ್‌ಟಿಆರ್‌ಸಿಪಿವೈ ಬದಲು ಒಂದೊಂದೇ ಬೈಟ್ ನಕಲು ಮಾಡುವ ಲೂಪ್ ಬರೆದಿದ್ದರೆ ಫಾರ್ಟಿಫೈಗೆ ಹಿಡಿಯಲು ಏನೂ ಸಿಗುವುದಿಲ್ಲ. ಆ ಲೂಪ್ ಅರೇಯ ಇಂಡೆಕ್ಸ್ ಬಳಸಿದ್ದರೆ ಯುಬಿಸ್ಯಾನ್‌ನ ಬೌಂಡ್ಸ್ ತಪಾಸಣೆ ಇಪ್ಪತ್ತನೆಯ ಇಂಡೆಕ್ಸ್‌ನಲ್ಲೇ ಕೂಗುತ್ತದೆ. ಪಾಯಿಂಟರ್ ಅನ್ನು ಸರಿಸುತ್ತಾ ಬರೆದಿದ್ದರೆ, ‘ಬಳ್ಳಾರಿ’ಯ ಮಟ್ಟಿಗೆ ಈ ಮೂರರಲ್ಲಿ ಯಾವುದೂ ಹಿಡಿಯದು. ಅಲ್ಲಿ ಉಳಿಯುವುದು ದರ 2300 ಎಂದೇ ಬಂದಿದೆಯೇ ಎಂದು ನೋಡುವ ಟೆಸ್ಟ್ ಮಾತ್ರ. ಟೆಸ್ಟ್ ಬರೆಯುವ ಸೋಮಾರಿತನವನ್ನು ಸ್ಯಾನಿಟೈಸರ್ ಮುಚ್ಚಿಹಾಕುವುದಿಲ್ಲ.

ಕಂಪೈಲರ್ ಎರಡಿರಬೇಕು ಏಕೆ

ಜಿಸಿಸಿಯನ್ನು ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಹೊರತಂದರು. ಕ್ಲ್ಯಾಂಗ್ ನಿಂತಿರುವ ಎಲ್‌ಎಲ್‌ವಿಎಂ ಯೋಜನೆ 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು, ಕ್ಲ್ಯಾಂಗ್‌ನ ಸೋರ್ಸ್ ಮುಕ್ತವಾಗಿದ್ದು 2007ರಲ್ಲಿ. ಒಂದೇ ಭಾಷೆಯನ್ನು ಎರಡು ಬೇರೆ ತಂಡಗಳು ಬೇರೆ ಬೇರೆಯಾಗಿ ಓದಿಕೊಂಡು ಬರೆದ ಕಂಪೈಲರ್‌ಗಳಿವು. ಕೋಡ್‌ನಲ್ಲಿ ಭಾಷೆಯ ನಿಯಮ ಮೀರಿದ ಜಾಗ ಇದ್ದರೆ ಇಬ್ಬರೂ ಅದನ್ನು ಒಂದೇ ರೀತಿ ನಡೆಸಿಕೊಡಬೇಕೆಂದಿಲ್ಲ. ಫಲಿತಾಂಶ ಬೇರೆ ಬಂದರೆ ಅಲ್ಲಿ ಕೆದಕಬೇಕು ಎಂದರ್ಥ. ‘ಕಂಪೈಲರ್‌ನಲ್ಲೇ ಬಗ್ ಇದೆ’ ಎಂದು ಹಾರಿ ಬೀಳುವವರಿಗೆ ಒಂದು ಮಾತು: ಹಾಗೂ ಇರುತ್ತದೆ, ಆದರೆ ಹೆಚ್ಚಿನ ಸಲ ತಪ್ಪು ನಮ್ಮದೇ.

ಎಚ್ಚರಿಕೆಗಳಲ್ಲೂ ಇಬ್ಬರ ಗುಣ ಬೇರೆ. ಒಂದು ವೇರಿಯಬಲ್‌ಗೆ ಬೆಲೆ ಕೊಡದೆ ಬಳಸಿರಬಹುದು ಎಂಬ ಜಿಸಿಸಿಯ ಎಚ್ಚರಿಕೆ ಆಪ್ಟಿಮೈಸೇಷನ್ ಇದ್ದಾಗಲೇ ಸರಿಯಾಗಿ ಕೆಲಸ ಮಾಡುತ್ತದೆ. -ಓ0ರಲ್ಲಿ ಶುದ್ಧವಾಗಿ ಕಂಡ ಕೋಡ್ -ಓ2ರಲ್ಲಿ ಹತ್ತಾರು ಎಚ್ಚರಿಕೆ ಕಾರುವುದನ್ನು ನೋಡಿದವರಿಗೆ ಇದು ಗೊತ್ತು. ಎಂದೂ ನಿಜವಾಗದ ಹೋಲಿಕೆಗಳನ್ನು ಕ್ಲ್ಯಾಂಗ್ ಏನೂ ಕೇಳದೆಯೇ ತೋರಿಸುತ್ತದೆ. ಜಿಸಿಸಿಯಲ್ಲಿ ಅಂಥವು ಹಲವು -ಡಬ್ಲ್ಯೂಎಕ್ಸ್‌ಟ್ರಾ ಎಂದು ಹೆಚ್ಚುವರಿ ಎಚ್ಚರಿಕೆ ಕೇಳಿದ ಮೇಲೆ ಬರುತ್ತವೆ. ಎಚ್ಚರಿಕೆಯನ್ನೆಲ್ಲ ದೋಷವಾಗಿ ಪರಿಗಣಿಸುವ -ಡಬ್ಲ್ಯೂಎರರ್ ಅನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬಳಸಿ, ಬಿಡುಗಡೆ ಮಾಡುವ ಬಿಲ್ಡ್ ಫೈಲ್‌ನಲ್ಲಿ ಬಿಡಬೇಡಿ. ಮುಂದಿನ ವರ್ಷದ ಕಂಪೈಲರ್ ಹೊಸದೊಂದು ಎಚ್ಚರಿಕೆ ಕಲಿತು ಬಂದಾಗ ಯಾರದೋ ಮನೆಯಲ್ಲಿ ನಿಮ್ಮ ತಂತ್ರಾಂಶ ಬಿಲ್ಡ್ ಆಗದೆ ನಿಲ್ಲುತ್ತದೆ.

ಹಳೆಯ ಮುಕ್ತ ತಂತ್ರಾಂಶವನ್ನು ಎತ್ತಿಕೊಂಡವರು ಯಾವ ಕಂಪೈಲರ್ ಎಂಬುದಕ್ಕಿಂತ ಯಾವ ಆವೃತ್ತಿ ಎಂದು ಕೇಳಬೇಕು. ಜಿಸಿಸಿ 10, ಅಂದರೆ 2020ರಲ್ಲಿ ಬಂದದ್ದು, ಒಂದೇ ಗ್ಲೋಬಲ್ ವೇರಿಯಬಲ್ ಅನ್ನು ಎರಡು ಫೈಲ್‌ಗಳಲ್ಲಿ ಘೋಷಿಸುವ ಹಳೆಯ ಅಭ್ಯಾಸಕ್ಕೆ ಕೊನೆ ಹಾಡಿತು. ಲಿಂಕ್ ಮಾಡುವಾಗ ‘ಮಲ್ಟಿಪಲ್ ಡೆಫಿನಿಷನ್’ ಎಂದು ನಿಂತರೆ ಬಹುಮಟ್ಟಿಗೆ ಅದೇ ಕಾರಣ. ಘೋಷಣೆಯೇ ಇಲ್ಲದ ಫಂಕ್ಷನ್ ಕರೆಯುವುದನ್ನು 2023ರ ಕ್ಲ್ಯಾಂಗ್ 16 ದೋಷವೆಂದು ನಿಲ್ಲಿಸಿತು, 2024ರ ಜಿಸಿಸಿ 14 ಅದೇ ದಾರಿ ಹಿಡಿಯಿತು. 2025ರ ಜಿಸಿಸಿ 15 ಏನೂ ಹೇಳದಿದ್ದರೆ ಸಿ ಭಾಷೆಯ ಹೊಸ ಆವೃತ್ತಿಯಾದ ಸಿ23ರ ನಿಯಮವನ್ನೇ ಹಿಡಿಯುತ್ತದೆ. ಅಲ್ಲಿ ಬೂಲ್, ಟ್ರೂ, ಫಾಲ್ಸ್ ಭಾಷೆಯದೇ ಪದಗಳು. ಇವನ್ನು ತಾವೇ ವ್ಯಾಖ್ಯಾನಿಸಿಕೊಂಡಿರುವ ಹಳೆಯ ಹೆಡರ್‌ಗಳು ಮುರಿದು ಬೀಳುತ್ತವೆ. ನಿಯಮದ ಆವೃತ್ತಿಯನ್ನು ಜಿಎನ್‌ಯು17 ಎಂದು ನಮೂದಿಸಿದರೆ ಸದ್ಯಕ್ಕೆ ಬಿಲ್ಡ್ ಆಗುತ್ತದೆ. ತಿದ್ದುವುದನ್ನು ಆಮೇಲೆ ತಿದ್ದಿ.

ಇವೆಲ್ಲ ಎದ್ದು ಕಾಣುವ ತೊಂದರೆಗಳು, ಹಾಗಾಗಿ ಅಪಾಯ ಕಡಿಮೆ. ಕಾಣದ ತೊಂದರೆ ಕಾನ್ಫಿಗರ್ ಸ್ಕ್ರಿಪ್ಟ್‌ನಲ್ಲಿದೆ. ಆ ಸ್ಕ್ರಿಪ್ಟ್ ‘ಈ ಕಂಪ್ಯೂಟರಿನಲ್ಲಿ ಇಂಥ ಸೌಲಭ್ಯ ಇದೆಯೇ’ ಎಂದು ಸಣ್ಣ ಸಣ್ಣ ಪ್ರೋಗ್ರಾಂಗಳನ್ನು ಕಂಪೈಲ್ ಮಾಡಿ ತಿಳಿದುಕೊಳ್ಳುತ್ತದೆ. ಆ ಸಣ್ಣ ಪ್ರೋಗ್ರಾಂಗಳೇ ಹಳೆಯ ಶೈಲಿಯಲ್ಲಿದ್ದರೆ ಹೊಸ ಕಂಪೈಲರ್ ಅವನ್ನು ತಿರಸ್ಕರಿಸುತ್ತದೆ, ಸ್ಕ್ರಿಪ್ಟ್ ‘ಸೌಲಭ್ಯ ಇಲ್ಲ’ ಎಂದು ಬರೆದುಕೊಂಡು ಮುಂದೆ ಹೋಗುತ್ತದೆ. ಬಿಲ್ಡ್ ಯಶಸ್ವಿ, ಟೆಸ್ಟ್‌ಗಳೂ ಪಾಸ್, ಆದರೆ ಒಂದು ಸೌಲಭ್ಯ ತಂತ್ರಾಂಶದಿಂದ ಸದ್ದಿಲ್ಲದೆ ಮಾಯವಾಗಿರುತ್ತದೆ. ಎರಡು ಕಂಪೈಲರ್‌ಗಳಲ್ಲಿ ಈ ಸ್ಕ್ರಿಪ್ಟ್‌ನಿಂದ ಹುಟ್ಟಿದ ಕಾನ್ಫಿಗ್ ಹೆಡರ್ ಫೈಲ್‌ಗಳನ್ನು ಡಿಫ್ ಹಾಕಿ ಹೋಲಿಸಿ ನೋಡಿ. ಎರಡು ನಿಮಿಷದ ಕೆಲಸ, ಇಡೀ ಟೆಸ್ಟ್ ಸೂಟ್ ಹೇಳದ್ದನ್ನು ಅದು ಹೇಳುತ್ತದೆ.

ಓ ಮತ್ತು ಜಿ

ಡೀಬಗ್ ಬಿಲ್ಡ್ ಎಂದರೆ -ಓ0 ಎಂದೂ, ಬಿಡುಗಡೆ ಬಿಲ್ಡ್ ಎಂದರೆ -ಜಿ ಇಲ್ಲದ್ದು ಎಂದೂ ಬಹಳ ಜನ ತಿಳಿದಿದ್ದಾರೆ. ಇವೆರಡೂ ಒಂದಕ್ಕೊಂದು ಸಂಬಂಧವಿಲ್ಲದ ಗುಂಡಿಗಳು. -ಓ ಎನ್ನುವುದು ಹುಟ್ಟುವ ಯಂತ್ರಸಂಕೇತವನ್ನು ಬದಲಿಸುತ್ತದೆ. -ಜಿ ಯಾವ ಸೂಚನೆ ಯಾವ ಸಾಲಿನಿಂದ ಬಂತೆಂಬ ಮಾಹಿತಿಯನ್ನು ಪಕ್ಕದಲ್ಲಿ ಬರೆದಿಡುತ್ತದೆ. -ಜಿ ಹಾಕಿದರೆ ಪ್ರೋಗ್ರಾಂ ನಿಧಾನವಾಗುವುದಿಲ್ಲ, ಫೈಲ್ ಮಾತ್ರ ಊದಿಕೊಳ್ಳುತ್ತದೆ. ಹಾಗಾಗಿ -ಓ2 -ಜಿ ಜೋಡಿಯೇ ನನ್ನ ಮೊದಲ ಬಿಲ್ಡ್: ಬಳಕೆದಾರನ ಕೈಗೆ ಹೋಗುವ ಸಂಕೇತವೇ ಪರೀಕ್ಷೆಗೆ ಒಳಗಾಗುತ್ತದೆ, ಬಿದ್ದರೆ ಎಲ್ಲಿ ಬಿತ್ತೆಂದೂ ತಿಳಿಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆ, ಜಿಡಿಬಿ ಎಂಬ ಡೀಬಗರ್‌ನಲ್ಲಿ ವೇರಿಯಬಲ್ ಕೇಳಿದಾಗ ‘ಆಪ್ಟಿಮೈಸ್ಡ್ ಔಟ್’ ಎಂಬ ಉತ್ತರ. ಹೆಜ್ಜೆ ಹೆಜ್ಜೆಯಾಗಿ ನಡೆಸಿದರೆ ಸಾಲುಗಳು ಹಿಂದೆ ಮುಂದೆ ಜಿಗಿಯುತ್ತವೆ. ಆಗ ಆ ಒಂದು ಫೈಲ್ ಅನ್ನು ಮಾತ್ರ -ಓಜಿಯಲ್ಲಿ ಮತ್ತೆ ಕಂಪೈಲ್ ಮಾಡಿ. 2013ರ ಜಿಸಿಸಿ 4.8ರಿಂದ ಇರುವ ಈ ಹಂತ ಡೀಬಗ್ ಮಾಡುವವರಿಗೆಂದೇ ಮಾಡಿದ್ದು. ಕ್ಲ್ಯಾಂಗ್ ಕೂಡ -ಓಜಿ ಎಂದರೆ ಒಪ್ಪಿಕೊಳ್ಳುತ್ತದೆ, ಆದರೆ ಅಲ್ಲಿ ಅದು -ಓ1ರ ಇನ್ನೊಂದು ಹೆಸರು. ದೋಷ -ಓ2ರಲ್ಲಿ ಮಾತ್ರ ಕಂಡು -ಓಜಿಯಲ್ಲಿ ಮಾಯವಾದರೆ ಬೇಸರಪಡಬೇಡಿ. ಸೈನ್ಡ್ ಇಂಟಿಜರ್ ಉಕ್ಕಿ ಹರಿಯುವುದು, ಬೆಲೆ ಕೊಡದ ವೇರಿಯಬಲ್, ಒಂದು ಬಗೆಯ ಪಾಯಿಂಟರ್ ಅನ್ನು ಇನ್ನೊಂದಾಗಿ ಓದುವುದು, ಈ ಮೂರರಲ್ಲಿ ಒಂದನ್ನು ಮೊದಲು ಹುಡುಕಿ.

-ಜಿಯಲ್ಲೂ ಹಂತಗಳಿವೆ. ಜಾಗ ಕಡಿಮೆ ಇದ್ದರೆ -ಜಿ1 ಸಾಕು, ಕ್ರ್ಯಾಶ್‌ನ ಜಾಡು ಸಿಗುತ್ತದೆ. ಮ್ಯಾಕ್ರೋಗಳ ಕಾಡಾಗಿರುವ ಕೋಡ್‌ಗೆ -ಜಿ3. ಸಿ++ ಆಗಿದ್ದು ಕ್ಲ್ಯಾಂಗ್ ಬಿಲ್ಡ್‌ನಲ್ಲಿ ಜಿಡಿಬಿ ‘ಇನ್‌ಕಂಪ್ಲೀಟ್ ಟೈಪ್’ ಎಂದು ಕೊಂಕು ತೆಗೆದರೆ ಸ್ಟ್ಯಾಂಡಲೋನ್ ಡೀಬಗ್ ಆಪ್ಷನ್ ಸೇರಿಸಿ. ಕಾಲೇಜಿನ ಲ್ಯಾಬ್‌ಗಳಲ್ಲಿ ಸಾಮಾನ್ಯವಾದ ಇನ್ನೊಂದು ತೊಡಕು ಡ್ವಾರ್ಫ್ ಎಂಬ ಡೀಬಗ್ ಮಾಹಿತಿಯ ಆವೃತ್ತಿ. ಜಿಸಿಸಿ 11 ಮತ್ತು ಕ್ಲ್ಯಾಂಗ್ 14ರಿಂದ ಡ್ವಾರ್ಫ್ 5 ಬರೆಯುವುದು ರೂಢಿ. ಹಳೆಯ ಜಿಡಿಬಿಗೆ, ಮೆಮೊರಿಯ ತಪ್ಪು ಹುಡುಕುವ ಹಳೆಯ ವ್ಯಾಲ್‌ಗ್ರಿಂಡ್‌ಗೆ ಅದನ್ನು ಓದಲು ಬಾರದು. ಹೊಸ ಡೀಬಗರ್ ಡೌನ್‌ಲೋಡ್ ಮಾಡುವ ಬದಲು ಡ್ವಾರ್ಫ್ 4 ಬರೆಯುವಂತೆ ಕಂಪೈಲರ್‌ಗೆ ಹೇಳಿದರೆ ಸಾಕು.

ಸಿಮೇಕ್ ಎಂಬ ಬಿಲ್ಡ್ ಸಾಧನ ಬಳಸುವವರಿಗೆ ಒಂದು ಬಲೆ ಇದೆ. ಅದರ ‘ರಿಲೀಸ್’ ಮತ್ತು ‘ರೆಲ್‌ವಿತ್‌ಡೆಬ್‌ಇನ್‌ಫೋ’ ಎರಡೂ ಎನ್‌ಡೀಬಗ್ ಮ್ಯಾಕ್ರೋ ಸೇರಿಸುತ್ತವೆ, ಅದು ಇದ್ದರೆ ‘ಇದು ನಿಜವಾಗಿರಲೇಬೇಕು’ ಎಂದು ಕೋಡ್‌ನೊಳಗೆ ತಪಾಸಣೆ ಮಾಡುವ ಅಸರ್ಟ್‌ಗಳೆಲ್ಲ ಕರಗಿಹೋಗುತ್ತವೆ. ಅಸರ್ಟ್‌ನ ಆವರಣದೊಳಗೆ ಯಾರಾದರೂ ನಿಜವಾದ ಕೆಲಸ ಮಾಡುವ ಫಂಕ್ಷನ್ ಕರೆದಿದ್ದರೆ ಆ ಕೆಲಸವೂ ಅದರೊಂದಿಗೆ ಹೋಯಿತು. ಅಸರ್ಟ್‌ಗಳೂ ಇರಬೇಕು, -ಓ2 ಕೂಡ ಬೇಕು ಎಂದರೆ ಬಿಲ್ಡ್ ಟೈಪ್ ಖಾಲಿ ಬಿಟ್ಟು ಆಪ್ಷನ್‌ಗಳನ್ನು ನೀವೇ ಬರೆಯಿರಿ.

ಸ್ಯಾನಿಟೈಸರ್ ಯಾವುದು, ವ್ಯಾಲ್‌ಗ್ರಿಂಡ್ ಯಾವಾಗ

ಏಸ್ಯಾನ್ ಹಾಕಿದ ಪ್ರೋಗ್ರಾಂ ಸುಮಾರು ಎರಡು ಪಟ್ಟು ನಿಧಾನ. ವ್ಯಾಲ್‌ಗ್ರಿಂಡ್‌ನಲ್ಲಿ ಅದೇ ಪ್ರೋಗ್ರಾಂ ಇಪ್ಪತ್ತು ಮೂವತ್ತು ಪಟ್ಟು ನಿಧಾನವಾಗುತ್ತದೆ. ವೇಗ ಒಂದನ್ನೇ ನೋಡಿದರೆ ಪೈಪೋಟಿಯೇ ಇಲ್ಲ. ಅದಲ್ಲದೆ ವ್ಯಾಲ್‌ಗ್ರಿಂಡ್‌ನ ಮೆಮ್‌ಚೆಕ್ ಮಲಾಕ್‌ನಿಂದ ಪಡೆದ ಮೆಮೊರಿಯ ಅಂಚನ್ನು ಕಾಯುತ್ತದೆ, ಫಂಕ್ಷನ್‌ನೊಳಗಿನ ಸ್ಟ್ಯಾಕ್ ಅರೇಗಳ ಅಂಚನ್ನು ಕಾಯುವುದಿಲ್ಲ. ಆದರೂ ನಾನು ವ್ಯಾಲ್‌ಗ್ರಿಂಡ್ ಅನ್ನು ಲ್ಯಾಪ್‌ಟಾಪ್‌ನಿಂದ ತೆಗೆದಿಲ್ಲ. ಅದಕ್ಕೆ ಮರುಕಂಪೈಲ್ ಬೇಡ, ಇದ್ದ ಬಿಲ್ಡ್‌ನ ಮೇಲೆಯೇ ಓಡುತ್ತದೆ. ಬೆಲೆ ಕೊಡದ ಮೆಮೊರಿಯನ್ನು ಓದುವುದನ್ನು ಏಸ್ಯಾನ್ ಹಿಡಿಯದು, ಇದು ಹಿಡಿಯುತ್ತದೆ.

ಅದೇ ಕೆಲಸಕ್ಕೆ ಕ್ಲ್ಯಾಂಗ್‌ನಲ್ಲಿ ಮೆಮೊರಿ ಸ್ಯಾನಿಟೈಸರ್ (ಎಂಸ್ಯಾನ್) ಇದೆ, ವೇಗವೂ ಹೆಚ್ಚು. ಜಿಸಿಸಿಯಲ್ಲಿ ಅದು ಇಲ್ಲ. ಆದರೆ ನಿಮ್ಮ ಪ್ರೋಗ್ರಾಂ ಬಳಸುವ ಲೈಬ್ರರಿಗಳನ್ನೂ ಅದೇ ಆಪ್ಷನ್‌ನಿಂದ ಬಿಲ್ಡ್ ಮಾಡಿರಬೇಕು, ಇಲ್ಲವಾದರೆ ಸುಳ್ಳು ದೂರುಗಳ ಸುರಿಮಳೆ. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಆ ಉಸಾಬರಿ ಬೇಡ, ಸಣ್ಣ ಇನ್‌ಪುಟ್ ಕೊಟ್ಟು ವ್ಯಾಲ್‌ಗ್ರಿಂಡ್ ಓಡಿಸಿ. ಥ್ರೆಡ್‌ಗಳ ಜಗಳ ಹಿಡಿಯುವ ಥ್ರೆಡ್ ಸ್ಯಾನಿಟೈಸರ್ (ಟಿಸ್ಯಾನ್) ಐದರಿಂದ ಹದಿನೈದು ಪಟ್ಟು ನಿಧಾನ, ಮೆಮೊರಿಯನ್ನೂ ಐದರಿಂದ ಹತ್ತು ಪಟ್ಟು ತಿನ್ನುತ್ತದೆ. ಥ್ರೆಡ್ ಬಳಸದ ತಂತ್ರಾಂಶಕ್ಕೆ ಅದು ಬೇಕಿಲ್ಲ. ಏಸ್ಯಾನ್, ಎಂಸ್ಯಾನ್, ಟಿಸ್ಯಾನ್ ಮೂರರಲ್ಲಿ ಯಾವುದೇ ಎರಡನ್ನು ಒಂದೇ ಬಿಲ್ಡ್‌ನಲ್ಲಿ ಸೇರಿಸಲು ಬರುವುದಿಲ್ಲ. ಯುಬಿಸ್ಯಾನ್ ಮಾತ್ರ ಯಾರ ಜೊತೆಗಾದರೂ ಹೊಂದಿಕೊಳ್ಳುತ್ತದೆ.

ಎರಡನೆಯ ಬಿಲ್ಡ್ ಮಾಡುವಾಗ ಗಮನಿಸಬೇಕಾದ ಕೆಲವು ಸಂಗತಿಗಳು. ಏಸ್ಯಾನ್ ಬಿಲ್ಡ್‌ನಲ್ಲಿ ಫಾರ್ಟಿಫೈ ಬೇಡ. ಎರಡೂ ಒಂದೇ ಫಂಕ್ಷನ್ ಕರೆಗಳನ್ನು ತಮ್ಮ ಕಡೆ ತಿರುಗಿಸಿಕೊಳ್ಳಲು ನೋಡುತ್ತವೆ, ಫಾರ್ಟಿಫೈ ತಿರುಗಿಸಿದ್ದನ್ನು ಏಸ್ಯಾನ್ ನೋಡದೆ ಹೋಗಬಹುದು. ಎರಡು ಬಿಲ್ಡ್ ಬೇರೆ ಬೇರೆ ಇರಲಿ ಎಂದದ್ದು ಇದಕ್ಕೂ ಹೌದು. ಉಬುಂಟುವಿನ ಜಿಸಿಸಿ ಆಪ್ಟಿಮೈಸೇಷನ್ ಇದ್ದಾಗ ಫಾರ್ಟಿಫೈಯನ್ನು ಕೇಳದೆಯೇ ಸೇರಿಸುತ್ತದೆ, 24.04ರಿಂದ ಹಂತ 3. ಬೇರೆ ಡಿಸ್ಟ್ರೋಗಳಲ್ಲಿ ಹಾಗಿರಬೇಕೆಂದಿಲ್ಲ, ಆದ್ದರಿಂದ ಬೇಕಾದ ಕಡೆ ಬೇಕೆಂದು, ಬೇಡದ ಕಡೆ ಬೇಡವೆಂದು ಬಾಯಿಬಿಟ್ಟು ಹೇಳುವುದು ಕ್ಷೇಮ. ಯುಬಿಸ್ಯಾನ್ ದೋಷ ಕಂಡರೂ ಒಂದು ಸಾಲು ಮುದ್ರಿಸಿ ಮುಂದೆ ಹೋಗುತ್ತದೆ, ಸಾವಿರ ಸಾಲಿನ ಲಾಗ್‌ನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಕಂಡಲ್ಲೇ ನಿಲ್ಲಿಸುವ ನೋ ರಿಕವರ್ ಆಪ್ಷನ್ ಹಾಕಿ. ಸ್ಯಾನಿಟೈಸರ್ ಆಪ್ಷನ್ ಅನ್ನು ಕಂಪೈಲ್‌ಗೆ ಮಾತ್ರವಲ್ಲ, ಲಿಂಕ್ ಮಾಡುವಾಗಲೂ ಕೊಡಬೇಕು. ಕಾನ್ಫಿಗರ್ ಹಂತದಲ್ಲಿ ಮೆಮೊರಿ ಸೋರಿಕೆಯ ತಪಾಸಣೆಯನ್ನು ಆರಿಸಿಡಿ. ಇಲ್ಲದಿದ್ದರೆ ಮೇಲೆ ಹೇಳಿದ ಆ ಸಣ್ಣ ಪ್ರೋಗ್ರಾಂಗಳು ಸೋರಿಕೆಯ ನೆಪದಲ್ಲಿ ಬಿದ್ದು, ಸ್ಕ್ರಿಪ್ಟ್ ಮತ್ತೆ ‘ಸೌಲಭ್ಯ ಇಲ್ಲ’ ಎಂದು ಬರೆದುಕೊಳ್ಳುತ್ತದೆ.

ಬಿಸಿಲು, ವಿದ್ಯುತ್, ಮೆಮೊರಿ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಮಧ್ಯಾಹ್ನ ಎಂಟು ಕೆಲಸಗಳನ್ನು ಒಟ್ಟಿಗೆ ಹಚ್ಚಿ, ಬಿಲ್ಡ್ ನಡೆಸುವ ಮೇಕ್ ಆಜ್ಞೆ ಓಡಿಸಿದರೆ ಪ್ರೊಸೆಸರ್ ಕಾದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬಿಲ್ಡ್ ತಡವಾದರೆ ತಡವಾಗಲಿ, ಆದರೆ ಜಿಸಿಸಿ ಬಿಲ್ಡ್ ಬೆಳಿಗ್ಗೆ, ಕ್ಲ್ಯಾಂಗ್ ಬಿಲ್ಡ್ ಮಧ್ಯಾಹ್ನ ಓಡಿಸಿ ‘ಕ್ಲ್ಯಾಂಗ್ ನಿಧಾನ’ ಎಂದು ಬರೆದರೆ ಅದು ಹವಾಮಾನ ವರದಿ. ವೇಗ ಹೋಲಿಸುವುದಿದ್ದರೆ ಒಂದರ ನಂತರ ಒಂದನ್ನು ಅದಲು ಬದಲಾಗಿ, ಹಲವು ಬಾರಿ ಓಡಿಸಿ.

ಬಿಲ್ಡ್ ನಡುವೆ ಯಂತ್ರ ಆರಿಹೋಗುವುದು ನಮ್ಮಲ್ಲಿ ಅಪರೂಪವಲ್ಲ, ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು. (ಶಕ್ತಿನಗರದ ಸ್ಥಾವರ ಪಕ್ಕದಲ್ಲೇ ಇದ್ದರೂ ರಾಯಚೂರಿನವರು ಯುಪಿಎಸ್ ಕೊಳ್ಳುವುದು ತಪ್ಪಿಲ್ಲ.) ಹಾಗೆ ಆರಿದ ಮೇಲೆ ಕೆಲವು ಆಬ್ಜೆಕ್ಟ್ ಫೈಲ್‌ಗಳು ಸೊನ್ನೆ ಬೈಟ್ ಆಗಿ ಉಳಿದಿರಬಹುದು. ಅವುಗಳ ದಿನಾಂಕ ಹೊಸದಾದ್ದರಿಂದ ಮೇಕ್ ಅವನ್ನು ಮತ್ತೆ ಕಟ್ಟುವುದಿಲ್ಲ, ಲಿಂಕರ್ ಅರ್ಥವಾಗದ ದೂರು ಹೇಳುತ್ತದೆ. ಸೊನ್ನೆ ಬೈಟ್ ಫೈಲ್‌ಗಳನ್ನು ಫೈಂಡ್ ಆಜ್ಞೆಯಿಂದ ಹುಡುಕಿ ಅಳಿಸಿ, ಹಿಂದೆ ಕಂಪೈಲ್ ಆದದ್ದನ್ನು ಕೂಡಿಡುವ ಸಿಕ್ಯಾಶ್ ಇಟ್ಟುಕೊಂಡಿದ್ದರೆ ಉಳಿದದ್ದು ಬೇಗ ಮುಗಿಯುತ್ತದೆ. ಎರಡು ಬಿಲ್ಡ್‌ಗಳಿಗೆ ಎರಡು ಡೈರೆಕ್ಟರಿ ಇರಲಿ. ಒಂದೇ ಡೈರೆಕ್ಟರಿಯಲ್ಲಿ ಆಪ್ಷನ್ ಬದಲಿಸುತ್ತಾ ಹೋದರೆ ಏಸ್ಯಾನ್ ಇರುವ ಮತ್ತು ಇಲ್ಲದ ಫೈಲ್‌ಗಳು ಬೆರೆತು, ಇಲ್ಲದ ದೋಷದ ಬೆನ್ನು ಹತ್ತಬೇಕಾಗುತ್ತದೆ.

8 ಜಿಬಿಯಲ್ಲಿ ಹೆಚ್ಚಿನ ಬಿಲ್ಡ್‌ಗಳು ಸಾಯುವುದು ಕಂಪೈಲ್ ಆಗುವಾಗ ಅಲ್ಲ, ಡೀಬಗ್ ಮಾಹಿತಿಯೊಂದಿಗೆ ಲಿಂಕ್ ಆಗುವಾಗ. ಮೇಕ್ ಬದಲು ನಿಂಜಾ ಬಳಸಿದರೆ ಲಿಂಕ್ ಕೆಲಸಗಳ ಸಂಖ್ಯೆಯನ್ನು ಒಂದಕ್ಕೆ ಇಳಿಸಬಹುದು. ಡೀಬಗ್ ಮಾಹಿತಿಯನ್ನು ಬೇರೆ ಫೈಲ್‌ನಲ್ಲಿಡುವ ಸ್ಪ್ಲಿಟ್ ಡ್ವಾರ್ಫ್ ಆಪ್ಷನ್ ಇನ್ನೊಂದು ದಾರಿ.

ಎಚ್ಚರದಿಂದಿರಬೇಕಾದ ಇನ್ನೊಂದು ಆಪ್ಷನ್ -ಮಾರ್ಚ್=ನೇಟಿವ್. ಅದು ನಿಮ್ಮ ಪ್ರೊಸೆಸರ್‌ಗೆ ಮಾತ್ರ ಹೊಲಿದ ಅಂಗಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಮಾಡಿ ಲ್ಯಾಬ್‌ನ ಹಳೆಯ ಕಂಪ್ಯೂಟರಿಗೆ ಒಯ್ದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಬೀಳುತ್ತದೆ. ಪರೀಕ್ಷೆಯ ಬಿಲ್ಡ್‌ನಲ್ಲಿ ಅದಕ್ಕೆ ಕೆಲಸವಿಲ್ಲ.

ಮೂರನೆಯದಕ್ಕೂ ಜಾಗವಿದ್ದರೆ

ಕನ್ನಡ ಪಠ್ಯ ಮುಟ್ಟುವ ತಂತ್ರಾಂಶವಾದರೆ ಮೂರನೆಯ ಬಿಲ್ಡ್‌ಗೆ ನನ್ನ ಆಯ್ಕೆ ಕ್ಯಾರ್ ಎಂಬ ಒಂದು ಬೈಟಿನ ಬಗೆಯಲ್ಲಿ ಋಣ ಸಂಖ್ಯೆ ಇರದಂತೆ ಮಾಡುವ -ಎಫ್‌ಅನ್‌ಸೈನ್ಡ್-ಕ್ಯಾರ್. ಇಂಟೆಲ್, ಎಎಂಡಿ ಲಿನಕ್ಸ್‌ಗಳಲ್ಲಿ ಬರಿಯ ಕ್ಯಾರ್ ಋಣ ಸಂಖ್ಯೆಯನ್ನೂ ಹಿಡಿಯುತ್ತದೆ. ರಾಸ್ಪ್‌ಬೆರಿ ಪೈಯಂಥ ಆರ್ಮ್ ಲಿನಕ್ಸ್‌ನಲ್ಲಿ ಹಿಡಿಯುವುದಿಲ್ಲ. ಇಂಗ್ಲಿಷ್ ಅಕ್ಷರಗಳೆಲ್ಲ 127ರೊಳಗೆ ಇರುವುದರಿಂದ ಅವರಿಗೆ ಇದರ ಬಿಸಿ ತಟ್ಟುವುದಿಲ್ಲ. ಕನ್ನಡದ ಪ್ರತಿ ಸಂಕೇತದ ಮೊದಲ ಬೈಟ್ 224. ಲ್ಯಾಪ್‌ಟಾಪ್‌ನಲ್ಲಿ ಅದು ಋಣ 32 ಆಗುತ್ತದೆ, ಪೈಯಲ್ಲಿ 224 ಆಗಿಯೇ ಉಳಿಯುತ್ತದೆ. ‘ಕ್ಯಾರ್ ಸೊನ್ನೆಗಿಂತ ಕಡಿಮೆ ಇದ್ದರೆ ಇಂಗ್ಲಿಷ್ ಅಲ್ಲ’ ಎಂದು ಬರೆದ ಸಾಲು ಲ್ಯಾಪ್‌ಟಾಪ್‌ನಲ್ಲಿ ಸರಿ, ಪೈಯಲ್ಲಿ ಎಂದೂ ನಿಜವಾಗದು.

ಇದಕ್ಕಿಂತ ಒಳಗೊಳಗೇ ಕೊರೆಯುವುದು, ಫೈಲ್‌ನಿಂದ ಒಂದೊಂದೇ ಬೈಟ್ ಓದುವ ಎಫ್‌ಗೆಟ್‌ಸಿ ಕೊಟ್ಟ ಬೆಲೆಯನ್ನು ಇಂಟ್ ಬದಲು ಕ್ಯಾರ್‌ನಲ್ಲಿಟ್ಟು, ಫೈಲ್ ಮುಗಿಯಿತೇ ಎಂದು ಋಣ 1ರ ಜೊತೆ ಹೋಲಿಸುವ ತಪ್ಪು. ಲ್ಯಾಪ್‌ಟಾಪ್‌ನಲ್ಲಿ 255 ಎಂಬ ಬೈಟ್ ಬಂದರೆ ಮಾತ್ರ ಅದು ಫೈಲ್ ಮುಗಿಯಿತೆಂದು ಮೋಸಹೋಗುತ್ತದೆ. ಯುಟಿಎಫ್-8ರಲ್ಲಿ 255 ಬರುವುದೇ ಇಲ್ಲವಾದ್ದರಿಂದ ಕನ್ನಡ ಫೈಲ್ ಎಷ್ಟು ಕೊಟ್ಟರೂ ಪಾಸ್. ಪೈಯಲ್ಲಿ ಋಣ 1 ಎಂದೂ ಸಿಗುವುದಿಲ್ಲ, ಲೂಪ್ ನಿಲ್ಲುವುದೇ ಇಲ್ಲ. ಈ ಒಂದು ಆಪ್ಷನ್‌ನಿಂದ ಪೈ ಕೊಳ್ಳದೆಯೇ ಲ್ಯಾಪ್‌ಟಾಪ್‌ನಲ್ಲಿ ಆ ನಡವಳಿಕೆಯನ್ನು ತರಿಸಿ ನೋಡಬಹುದು.

ನಿಜವಾದ ಆರ್ಮ್, ಪವರ್‌ಪಿಸಿಯಂಥ ಯಂತ್ರಗಳೇ ಬೇಕೆಂದರೆ ಸಿಫಾರ್ಮ್ ಎಂಬ ಕಂಪೈಲ್ ಫಾರ್ಮ್ ಇದೆ. ಮುಕ್ತ ತಂತ್ರಾಂಶಕ್ಕೆ ಕೆಲಸ ಮಾಡುವವರಿಗೆ ಅಲ್ಲಿ ಉಚಿತವಾಗಿ ಖಾತೆ ಕೊಡುತ್ತಾರೆ. ಎಸ್‌ಎಸ್‌ಎಚ್ ಮೂಲಕ ಕೆಲಸ, ಮೊಬೈಲ್ ಡೇಟಾ ಸಾಕು.

ದೋಷ ಸಿಕ್ಕಿ, ಅದನ್ನು ತಂತ್ರಾಂಶದ ಮೂಲ ತಂಡಕ್ಕೆ ತಿಳಿಸುವಾಗ ಕಂಪೈಲರ್‌ನ ಆವೃತ್ತಿ, ಪೂರ್ತಿ ಆಪ್ಷನ್‌ಗಳು, ಯಾವ ಬಿಲ್ಡ್‌ನಲ್ಲಿ ಕಂಡಿತು ಎಂಬುದರ ಜೊತೆಗೆ ಯಾವುದರಲ್ಲಿ ಕಾಣಲಿಲ್ಲ ಎಂಬುದನ್ನೂ ಬರೆಯಿರಿ. ನಿರ್ವಾಹಕರಿಗೆ ಹೆಚ್ಚು ಸುಳಿವು ಕೊಡುವುದು ಈ ಕೊನೆಯದೇ. ಆಪ್ಷನ್ ಮರೆತಿದ್ದರೆ ಜಿಸಿಸಿ ಅದನ್ನು ಡೀಬಗ್ ಮಾಹಿತಿಯಲ್ಲಿ ತಾನೇ ಬರೆದಿಟ್ಟಿರುತ್ತದೆ, ರೀಡೆಲ್ಫ್ ಆಜ್ಞೆಯಿಂದ ‘ಪ್ರೊಡ್ಯೂಸರ್’ ಸಾಲನ್ನು ತೆಗೆದು ನೋಡಿ. ಕ್ಲ್ಯಾಂಗ್ ಹಾಗೆ ಬರೆದಿಡಬೇಕಾದರೆ ಬಿಲ್ಡ್ ಮಾಡುವಾಗಲೇ -ಜಿರೆಕಾರ್ಡ್-ಕಮಾಂಡ್-ಲೈನ್ ಕೊಟ್ಟಿರಬೇಕು.